ಯುಐ ಡಿಸೈನ್ ಕೋರ್ಸೋ, ಯುಐ ಪ್ರೋಗ್ರಾಮಿಂಗ್ ಕೋರ್ಸೋ? ಓದಿದವರು ಹೇಳಿ

ಪ್ರಶ್ನೆ:
ಮುಂದಿನ ಸೆಮಿಸ್ಟರ್‌ಗೆ ಒಂದು ಎಲೆಕ್ಟಿವ್ ಆರಿಸಬೇಕು. ಮೂರು ಕೋರ್ಸ್ ಇವೆ. ಒಂದು ಎಚ್‌ಸಿಐ, ಅಂದರೆ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್; ಯುಐ (ಯೂಸರ್ ಇಂಟರ್‌ಫೇಸ್, ಬಳಸುವವರು ನೋಡಿ ಒತ್ತುವ ಪರದೆ) ಡಿಸೈನ್ ಕಲಿಸುವುದು ಇದರಲ್ಲೇ. ಇನ್ನೊಂದು ಯುಐ ಪ್ರೋಗ್ರಾಮಿಂಗ್, ಅಂದರೆ ಅಂಥ ಪರದೆಗೆ ಕೋಡ್ ಬರೆಯುವುದು. ಮತ್ತೊಂದು ರಿಯಾಕ್ಟ್ (ವೆಬ್ ಪುಟಗಳ ಯುಐ ಕಟ್ಟುವ ಸಾಧನ) ಕಲಿಸುವ ವೆಬ್ ಡೆವಲಪ್‌ಮೆಂಟ್. ನನಗೆ ಕೋಡಿಂಗ್ ಬರುತ್ತದೆ, ಚಿತ್ರ ಬಿಡಿಸಲು ಬರುವುದಿಲ್ಲ. ಇವುಗಳಲ್ಲಿ ಯಾವುದನ್ನಾದರೂ ಓದಿದವರು ಅನುಭವ ಹೇಳ್ತೀರಾ?

ಎಚ್‌ಸಿಐ ಓದಿ ಈಗ ಫ್ರಂಟ್‌ಎಂಡ್ (ಬಳಸುವವರಿಗೆ ಕಾಣುವ ಭಾಗದ ಕೋಡ್) ಕೆಲಸದಲ್ಲಿರುವವರು:
ಚಿತ್ರ ಬರುವುದಿಲ್ಲ ಎಂದು ಎಚ್‌ಸಿಐ ಕೈಬಿಡಬೇಡಿ. ಅಲ್ಲಿ ಚಂದದ ಚಿತ್ರ ಯಾರಿಗೂ ಬೇಕಿಲ್ಲ. ಹಾಳೆಯ ಮೇಲೆ ಚೌಕ ಗೀಚಿ, ಒಳಗೆ ಬಟನ್ ಹೆಸರು ಬರೆದರೆ ಮುಗಿಯಿತು. ಆ ಹಾಳೆಯನ್ನು ಒಬ್ಬರ ಮುಂದಿಟ್ಟು, "ಪಾಸ್‌ವರ್ಡ್ ಬದಲಾಯಿಸಿ ನೋಡೋಣ" ಎಂದು ಹೇಳುತ್ತೀರಿ. ಅವರು ಎಲ್ಲಿ ಬೆರಳಿಡುತ್ತಾರೋ ಅದಕ್ಕೆ ತಕ್ಕ ಮುಂದಿನ ಹಾಳೆಯನ್ನು ನೀವು ಇಡುತ್ತೀರಿ. ಪೇಪರ್ ಪ್ರೊಟೊಟೈಪ್ ಎಂದರೆ ಇಷ್ಟೇ. ಇದರಲ್ಲಿ ಕಷ್ಟದ ಕೆಲಸ ಬಾಯಿ ಬಿಡದೆ ಕೂರುವುದು. ಎದುರಿಗಿರುವವರು ತಡಕಾಡುತ್ತಿದ್ದರೆ "ಅಲ್ಲಿ ಒತ್ತಿ" ಎನ್ನಲು ನಾಲಿಗೆ ತುದಿಯವರೆಗೆ ಮಾತು ಬರುತ್ತದೆ. ಹೇಳಿಬಿಟ್ಟರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ನಮ್ಮ ತಂಡದ ಪ್ರಾಜೆಕ್ಟಿನಲ್ಲಿ ಬರೆದದ್ದೆಲ್ಲ ತಾನಾಗಿಯೇ ಸೇವ್ ಆಗುತ್ತಿತ್ತು. ಬಳಸಿ ನೋಡಿದವರು ಮಾತ್ರ ಆ ಪುಟ ಬಿಟ್ಟು ಹೋಗಲೇ ಇಲ್ಲ, ಸೇವ್ ಬಟನ್ ಹುಡುಕುತ್ತಲೇ ಇದ್ದರು. ಮೂಲೆಯಲ್ಲಿ "ಉಳಿಸಲಾಗಿದೆ" ಎಂದು ಬರುವಂತೆ ಮಾಡಿದ ಮೇಲೆ ಆ ಹುಡುಕಾಟ ನಿಂತಿತು. ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 1994ರಲ್ಲಿ ಪಟ್ಟಿ ಮಾಡಿದ ಯುಐ ಡಿಸೈನಿನ 10 ಸೂತ್ರಗಳಲ್ಲಿ ಮೊದಲನೆಯದು ಇದೇ: ಒಳಗೆ ಏನು ನಡೆಯುತ್ತಿದೆ ಎಂಬುದು ಬಳಸುವವರಿಗೆ ಕಾಣುತ್ತಿರಬೇಕು. ಅದು ನನಗೆ ಪರೀಕ್ಷೆಗೆ ಓದಿದಾಗ ತಲೆಗೆ ಹತ್ತಿರಲಿಲ್ಲ, ಜನ ಬಟನ್ ಹುಡುಕುವುದನ್ನು ನೋಡಿದಾಗ ಹತ್ತಿತು.

ಹಾಗಾಗಿ ಸಿಲಬಸ್‌ನಲ್ಲಿ ವಿಷಯಗಳ ಪಟ್ಟಿಗಿಂತ ಪ್ರಾಜೆಕ್ಟಿನ ವೇಳಾಪಟ್ಟಿ ನೋಡಿ. ಜನರ ಮುಂದಿಟ್ಟು ಪರೀಕ್ಷಿಸುವುದು ಕೊನೆಯ ವಾರದಲ್ಲಿ ಮಾತ್ರ ಇದ್ದರೆ ಕಂಡ ತೊಂದರೆ ವರದಿಯಲ್ಲೇ ಉಳಿಯುತ್ತದೆ, ಸರಿಪಡಿಸಲು ಸಮಯ ಇರುವುದಿಲ್ಲ. 5 ಜನರೊಂದಿಗೆ ಪರೀಕ್ಷಿಸಿದರೆ ಸಾಕು ಎಂದು ನೀಲ್ಸನ್ ಹೇಳಿದ್ದನ್ನು ಎಲ್ಲರೂ ಹೇಳುತ್ತಾರೆ. ಅದರ ಇನ್ನರ್ಧ ಯಾರೂ ಹೇಳುವುದಿಲ್ಲ. 15 ಜನರನ್ನು ಒಂದೇ ಸಲ ಕೂರಿಸುವ ಬದಲು 5 ಜನರಂತೆ ಮೂರು ಸಲ ಮಾಡಿ, ನಡುನಡುವೆ ತಿದ್ದಿ ಎಂಬುದು ಅವರ ಮಾತು. ತಿದ್ದಲು ಜಾಗ ಇಟ್ಟಿರುವ ಕೋರ್ಸ್ ಸಿಕ್ಕರೆ ಖಂಡಿತ ಸೇರಿ. ಇದೊಂದನ್ನು ಮನೆಯಲ್ಲಿ ಒಬ್ಬರೇ ಕೂತು ಕಲಿಯುವುದು ಬಹಳ ಕಷ್ಟ.

ಯುಐ ಪ್ರೋಗ್ರಾಮಿಂಗ್ ಓದಿದವರು:
ಮೇಲಿನವರ ಮಾತು ಒಪ್ಪುತ್ತೇನೆ. ಆದರೂ ನಿಮ್ಮ ಮೂರರಲ್ಲಿ ಎರಡನೆಯದನ್ನು ಹಗುರವಾಗಿ ನೋಡಬೇಡಿ. ಕೋಡಿಂಗ್ ಬರುವವರಿಗೂ ಇದು ಹೊಸದು. ಅಲ್ಲಿಯವರೆಗೆ ನಾವು ಬರೆದ ಪ್ರೋಗ್ರಾಂ ಮೇಲಿನಿಂದ ಕೆಳಗೆ ಓಡಿ ಮುಗಿಯುತ್ತಿತ್ತು, ಅಲ್ವಾ? ಇಲ್ಲಿ ಪ್ರೋಗ್ರಾಂ ಕಾಯುತ್ತಾ ಕೂರುತ್ತದೆ. ಯಾವಾಗ ಏನು ಒತ್ತಬೇಕು ಎಂಬುದು ಬಳಸುವವರ ಇಷ್ಟ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದೊಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ದೊಡ್ಡ ಫೈಲ್ ಓದುವ ಕೆಲಸವನ್ನು ಪರದೆಯನ್ನು ನೋಡಿಕೊಳ್ಳುವ ಮುಖ್ಯ ಥ್ರೆಡ್‌ನಲ್ಲೇ ಇಟ್ಟರೆ ಅಷ್ಟು ಹೊತ್ತೂ ಆಪ್ ಹೆಪ್ಪುಗಟ್ಟುತ್ತದೆ.

ಯಾವ ಟೂಲ್‌ಕಿಟ್ (ಯುಐ ಕಟ್ಟಲು ಸಿದ್ಧವಾಗಿ ಸಿಗುವ ಕೋಡ್) ಕಲಿಸುತ್ತಾರೆ ಎಂದು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಡೇಟಾ ಬೇರೆ, ಅದನ್ನು ತೋರಿಸುವ ಭಾಗ ಬೇರೆ ಎಂಬ ಎಂವಿಸಿ (ಮಾಡೆಲ್-ವ್ಯೂ-ಕಂಟ್ರೋಲರ್) ವಿಚಾರವನ್ನು ಕಂಪ್ಯೂಟರ್ ವಿಜ್ಞಾನಿ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದರು. ಟೂಲ್‌ಕಿಟ್‌ಗಳು ಬಂದು ಹೋಗಿವೆ, ಆ ವಿಚಾರ ಉಳಿದಿದೆ. ರಿಯಾಕ್ಟ್ ಹೊರಬಂದದ್ದು 2013ರಲ್ಲಿ, ಆಪಲ್ ಕಂಪನಿಯ ಟೂಲ್‌ಕಿಟ್ ಸ್ವಿಫ್ಟ್‌ಯುಐ 2019ರಲ್ಲಿ. ಸ್ಟೇಟ್ (ಆಪ್ ಆ ಕ್ಷಣ ನೆನಪಿಟ್ಟಿರುವ ಮಾಹಿತಿ) ಬದಲಾದರೆ ಪರದೆ ತಾನೇ ಹೊಂದಿಕೊಳ್ಳಬೇಕು ಎಂಬುದು ಎರಡರಲ್ಲೂ ಒಂದೇ. ಒಂದು ಅರ್ಥವಾದರೆ ಇನ್ನೊಂದಕ್ಕೆ ಹೋಗುವುದು ಕಷ್ಟವಲ್ಲ.

ಹಿಂದಿನ ವರ್ಷದವರನ್ನು ಒಂದೇ ಮಾತು ಕೇಳಿ: ಅಂಡೂ (ಮಾಡಿದ್ದನ್ನು ರದ್ದು ಮಾಡುವ ಸೌಲಭ್ಯ) ಮಾಡಿಸಿದರಾ? ಚಿತ್ರ ಬಿಡಿಸುವ ಚಿಕ್ಕ ಆಪ್‌ಗೆ ಅಂಡೂ, ರೀಡೂ (ರದ್ದಾದದ್ದನ್ನು ಮತ್ತೆ ತರುವುದು) ಸೇರಿಸಲು ಹೊರಟರೆ ಕೋಡ್ ಅಡ್ಡಾದಿಡ್ಡಿ ಇರುವುದು ತಕ್ಷಣ ಗೊತ್ತಾಗುತ್ತದೆ. ಪ್ರತಿ ಕ್ರಿಯೆಯನ್ನೂ ಹಿಂದಕ್ಕೆ ತಿರುಗಿಸಲು ಬರುವ ಹಾಗೆ ಬೇರೆಬೇರೆಯಾಗಿ ಬರೆಯಬೇಕಾಗುತ್ತದೆ. ನಾನು ಕೋಡ್ ಜೋಡಿಸುವ ರೀತಿಯೇ ಆ ಅಸೈನ್‌ಮೆಂಟಿನಿಂದ ಬದಲಾಯಿತು. ರೆಡಿ ಬಟನ್‌ಗಳನ್ನು ಎಳೆದು ತಂದು ಫಾರ್ಮ್ ಮಾಡಿಸುವುದಷ್ಟೇ ಇದ್ದರೆ ಆ ಕೋರ್ಸ್ ಬಿಡಬಹುದು.

ವೆಬ್ ಡೆವಲಪ್‌ಮೆಂಟ್ ಓದಿದವರು:
ಇಂಟರ್ನ್‌ಶಿಪ್ ಹುಡುಕುವಾಗ ತೋರಿಸಲು ಒಂದು ಪ್ರಾಜೆಕ್ಟ್ ಸಿಕ್ಕಿತು, ಅದು ನಿಜಕ್ಕೂ ನೆರವಾಯಿತು. ಆದರೆ ತರಗತಿಯಲ್ಲಿ ಹೇಳಿದ್ದರಲ್ಲಿ ಬಹುಪಾಲು ರಿಯಾಕ್ಟ್‌ನ ಸ್ವಂತ ದಾಖಲೆಗಳಲ್ಲಿ ಉಚಿತವಾಗಿಯೇ ಇದೆ. ಗಡುವು ಇಲ್ಲದಿದ್ದರೆ ಕಲಿಯುವುದೇ ಇಲ್ಲ ಎನ್ನುವವರು ಸೇರಿ. ನಿಮಗೆ ಕೋಡಿಂಗ್ ಬರುತ್ತದೆ, ಇದನ್ನು ರಜೆಗೆ ಇಟ್ಟುಕೊಳ್ಳಿ.

ಎಚ್‌ಸಿಐ ಓದಿದ ಇನ್ನೊಬ್ಬರು:
ಸಿಲಬಸ್‌ನಲ್ಲಿ ಅಕ್ಸೆಸಿಬಿಲಿಟಿ, ಅಂದರೆ ಅಂಗವೈಕಲ್ಯ ಇರುವವರೂ ಬಳಸಲು ಬರುವಂತೆ ಮಾಡುವುದು, ಎಲ್ಲಿದೆ ಎಂದೂ ನೋಡಿ. ಕೊನೆಯ ಒಂದು ಉಪನ್ಯಾಸಕ್ಕೆ ತಳ್ಳಿದ್ದರೆ ನನಗೆ ಬೇಸರವಾಗುತ್ತದೆ. ಇದಕ್ಕಾಗಿ ವೆಬ್‌ಗೆ ಇರುವ ಡಬ್ಲ್ಯುಸಿಎಜಿ ನಿಯಮಗಳ ಎಎ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಇರಬೇಕು. ಇದು ಬಣ್ಣ ಆರಿಸುವ ದಿನವೇ ಬೇಕಾದ ಮಾತು. ನಮಗೆ ಪ್ರತಿ ಅಸೈನ್‌ಮೆಂಟನ್ನೂ ಮೌಸ್ ಮುಟ್ಟದೆ, ಕೀಬೋರ್ಡ್ ಒಂದರಲ್ಲೇ ನಡೆಸಿ ತೋರಿಸಬೇಕು ಎಂಬ ನಿಯಮ ಇತ್ತು. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ವೇಳಾಪಟ್ಟಿ ನೋಡಿದೆ. ನಮ್ಮ ಎಚ್‌ಸಿಐನಲ್ಲಿ ಜನರ ಮುಂದೆ ಪರೀಕ್ಷೆ ಎರಡು ಸಲ ಇದೆ, ನಡುವೆ ತಿದ್ದಲು ಮೂರು ವಾರ. ಯುಐ ಪ್ರೋಗ್ರಾಮಿಂಗ್‌ನಲ್ಲಿ ಅಂಡೂ ಕೂಡ ಇದೆ! ಈಗ ಯಾವುದು ಮೊದಲು?

ಫ್ರಂಟ್‌ಎಂಡ್ ಕೆಲಸದಲ್ಲಿರುವವರು:
ಎರಡೂ ಚೆನ್ನಾಗಿವೆ, ನಿಮ್ಮ ಅದೃಷ್ಟ. ಈಗ ಎಚ್‌ಸಿಐ, ಮುಂದೆ ಅವಕಾಶ ಸಿಕ್ಕಾಗ ಪ್ರೋಗ್ರಾಮಿಂಗ್. ಅದಕ್ಕೂ ಮೊದಲು ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಹಾಕಿರುವ ಓಪನ್‌ಕೋರ್ಸ್‌ವೇರ್ ತಾಣದಲ್ಲಿರುವ ಯೂಸರ್ ಇಂಟರ್‌ಫೇಸ್ ಡಿಸೈನ್ ಅಂಡ್ ಇಂಪ್ಲಿಮೆಂಟೇಶನ್ ಕೋರ್ಸಿನ ಟಿಪ್ಪಣಿ ತೆರೆದು ನೋಡಿ. 2011ರದ್ದು, ಉಚಿತ. ಡಿಸೈನ್, ಕೋಡ್ ಎರಡನ್ನೂ ಒಂದೇ ಕೋರ್ಸಿನಲ್ಲಿ ಕಲಿಸಿದ್ದಾರೆ. ಎರಡು ಮೂರು ಉಪನ್ಯಾಸ ಓದಿದರೆ ನಿಮಗೆ ಯಾವ ಕಡೆ ಒಲವು ಎಂದು ಗೊತ್ತಾಗುತ್ತದೆ. ಹೆಸರು ನೋಂದಾಯಿಸುವ ಮುನ್ನ ತಂಡವನ್ನು ನೀವೇ ಆರಿಸಬಹುದೇ ಎಂದೂ ಕೇಳಿಕೊಳ್ಳಿ. ಇಂಥ ಪ್ರಾಜೆಕ್ಟಿನಲ್ಲಿ ಜೊತೆಗೆ ಕೂತು ಪರೀಕ್ಷೆ ನಡೆಸಲು ಬರುವವರು ಬೇಕೇ ಬೇಕು.