ಕೆಂಪು ಬಸವನಹುಳು, ಹಳದಿ ಬಸವನಹುಳು: ಎರಡೂ ಒಂದೇನಾ? ಡಿಎನ್‌ಎ ನೋಡಿದರೆ ಗೊತ್ತಾಗುತ್ತಾ?

ಮಳೆಹುಚ್ಚ:
ಹೋದ ಮಳೆಗಾಲದಲ್ಲಿ ವಯನಾಡಿಗೆ ಹೋಗಿದ್ದೆವು. ಪಾಚಿ ಹತ್ತಿದ ಮರದ ಮೇಲೆ ಒಂದು ಬಸವನಹುಳು, ಮೈಯೆಲ್ಲ ಕುಂಕುಮದ ಹಾಗೆ ಕೆಂಪು, ಬೆನ್ನಿಗೆ ತೆಳ್ಳನೆ ಕಂದು ಚಿಪ್ಪು. ಮಾರನೇ ದಿನ ಬೇರೆ ಕಡೆ ಅದೇ ಥರದ್ದು, ಆದರೆ ಮೈ ಹಳದಿ. ಗೈಡ್ "ಎರಡೂ ಇಂಡ್ರೆಲ್ಲಾ ಆಂಪುಲ್ಲಾ, ಒಂದೇ ಜಾತಿ" ಅಂದರು. ನನಗೆ ನಂಬಿಕೆ ಬರಲಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿದರೆ ಒಂದೇ ಏಟಿಗೆ ತೀರ್ಮಾನ ಆಗಲ್ವಾ?

ಲ್ಯಾಬ್‌ಕೋಟು:
ಗೈಡ್ ಹೇಳಿದ್ದು ಸರಿ. ಇಂಡ್ರೆಲ್ಲಾ ಕುಲದಲ್ಲಿ ಇರುವುದೇ ಆ ಒಂದು ಜಾತಿ, ಮೈಬಣ್ಣ ಮಾತ್ರ ನಾನಾ ಥರ. ಬಸವನಹುಳುಗಳ ವಿಷಯದಲ್ಲಿ ಬಣ್ಣ ನಂಬಿದವರು ಕೆಟ್ಟರು. ಯುರೋಪಿನ ಸೆಪಿಯಾ ನೆಮೊರಾಲಿಸ್ ನೋಡಿ, ಒಂದೇ ಬೇಲಿಯಲ್ಲಿ ಹಳದಿ, ಗುಲಾಬಿ, ಕಂದು ಚಿಪ್ಪು, ಕೆಲವಕ್ಕೆ ಪಟ್ಟೆಯೇ ಇಲ್ಲ, ಕೆಲವಕ್ಕೆ ಐದು.

ಆದರೆ "ಒಂದೇ ಏಟಿಗೆ" ಅನ್ನುವುದನ್ನು ಒಪ್ಪಲ್ಲ. ಸಾಮಾನ್ಯವಾಗಿ ಮೈಟೋಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಕೊಡುವ ಭಾಗ, ಅದಕ್ಕೆ ತನ್ನದೇ ಡಿಎನ್‌ಎ ಇದೆ) ಸಿಒಐ ಅನ್ನುವ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದಿ ಹೋಲಿಸುತ್ತಾರೆ, ಇದನ್ನೇ ಬಾರ್‌ಕೋಡ್ ಅನ್ನುವುದು. ಹಕ್ಕಿಗಳಲ್ಲಿ ನೂರಕ್ಕೆ ಎರಡು ಮೂರು ಅಕ್ಷರ ಬೇರೆ ಬಂದರೆ ಸಾಕು, ಬೇರೆ ಜಾತಿ ಇರಬಹುದು ಅಂತ ಅನುಮಾನ ಶುರು. ಇಲ್ಲಿ ಆ ಲೆಕ್ಕ ನಡೆಯಲ್ಲ. ಅದೇ ಸೆಪಿಯಾದಲ್ಲಿ 1996ರಲ್ಲಿ ಮೈಟೋಕಾಂಡ್ರಿಯಾದ್ದೇ ಇನ್ನೊಂದು ಜೀನ್ 16ಎಸ್ ಓದಿದಾಗ, ಒಂದೇ ಜಾತಿಯೊಳಗೇ ನೂರಕ್ಕೆ 12-13ರಷ್ಟು ವ್ಯತ್ಯಾಸ ಸಿಕ್ಕಿತು, ನಮಗೂ ಚಿಂಪಾಂಜಿಗೂ ಅಷ್ಟಿಲ್ಲ! ನಡೆಯುವುದೇ ಅಷ್ಟು ನಿಧಾನ ಅಲ್ವಾ, ಗುಡ್ಡಕ್ಕೊಂದು ವಂಶ ಹಾಗೇ ಉಳಿದುಬಿಡುತ್ತದೆ ಅನ್ನುವುದು ಒಂದು ವಿವರಣೆ. ಅದಕ್ಕೇ ಜೀವಕೋಶದ ಕೇಂದ್ರದಲ್ಲಿರುವ ಜೀನುಗಳನ್ನೂ ಓದಬೇಕು, ಹುಳುವನ್ನು ಕೊಯ್ದು ಜನನಾಂಗದ ರಚನೆಯನ್ನೂ ನೋಡಬೇಕು. ಬರೀ ಬಾರ್‌ಕೋಡ್ ಹಿಡಿದು ಹೊಸ ಜಾತಿ ಅಂತ ಘೋಷಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಲೋಳೆಯ ಕಥೆ ಬೇರೆ. ಡಿಎನ್‌ಎ ತೆಗೆಯಲು ಪಾದದಿಂದ ಅಕ್ಕಿಕಾಳಿನಷ್ಟು ಮಾಂಸ ಕತ್ತರಿಸಿ ಟ್ಯೂಬಿಗೆ ಹಾಕಿದರೆ ಹೆಚ್ಚಿದ ಬೆಂಡೆಕಾಯಿ ಥರ ಎಳೆ ಎಳೆಯಾಗಿ ಬರುತ್ತದೆ, ಅದು ಉಳಿದರೆ ಪಿಸಿಆರ್ (ಡಿಎನ್‌ಎಯ ನಕಲು ತೆಗೆದು ಹೆಚ್ಚಿಸುವ ವಿಧಾನ) ಕೈಕೊಡುತ್ತದೆ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಒಂದು ತಿಂಗಳು ಜೆಲ್ ಮೇಲೆ ಡಿಎನ್‌ಎ ಬಂದಿದೆ ಅಂತ ತೋರಿಸುವ ಗೆರೆ ಒಂದೂ ಮೂಡಲಿಲ್ಲ ನನಗೆ. ಸಿಟಿಎಬಿ ಅನ್ನುವ ರಾಸಾಯನಿಕ ಹಾಕಿ ಲೋಳೆ ತೆಗೆದ ಮೇಲೆ ಬಂತು.

ಕಾಫಿತೋಟ:
ನಮ್ಮ ಶನಿವಾರಸಂತೆ ಕಡೆ ಆಫ್ರಿಕಾದ ಶಂಖದ ಹುಳು ತೋಟಕ್ಕೆ ನುಗ್ಗಿದೆ. ರಾತ್ರಿ ಟಾರ್ಚ್ ಹಿಡಿದು ಬಕೆಟ್ಟಿಗೆ ಹೆಕ್ಕಿ ಉಪ್ಪು ಸುರಿಯುತ್ತೇವೆ. ಅದರ ಡಿಎನ್‌ಎ ಓದಿ ನಮಗೇನು ಲಾಭ ಸ್ವಾಮಿ?

ಹಳೇಚಿಪ್ಪು:
ಹೆಕ್ಕುವುದು ತಪ್ಪಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲಿಂದ ಬಂತು ಅನ್ನುವುದು ಅದರಿಂದಲೇ ತಿಳಿದದ್ದು. ಪೂರ್ವ ಆಫ್ರಿಕಾದಲ್ಲಿ ಆ ಹುಳುವಿನ 16ಎಸ್ ಜೀನಿನಲ್ಲಿ ಹಲವು ಬಗೆ ಇವೆ, ಹೊರಗಿನ ದೇಶಗಳಲ್ಲಿ ಹೆಚ್ಚಾಗಿ ಸಿಗುವುದು ಒಂದೇ ಬಗೆ. ಅಂದರೆ ಬೆರಳೆಣಿಕೆಯ ಹುಳುಗಳ ಸಂತಾನ ಇಷ್ಟೆಲ್ಲ ಹಾವಳಿ ಮಾಡುತ್ತಿರುವುದು. ಭಾರತಕ್ಕೆ ಮಾರಿಷಸ್‌ನಿಂದ ತಂದು 1847ರಲ್ಲಿ ಕಲ್ಕತ್ತಾದ ತೋಟದಲ್ಲಿ ಬಿಟ್ಟವರು ಬಸವನಹುಳುಗಳ ಅಧ್ಯಯನ ಮಾಡುತ್ತಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಬೆನ್ಸನ್. ತಮಾಷೆ ಅಂದರೆ, ಮಳೆಹುಚ್ಚರು ಕಂಡ ಆ ಕೆಂಪು ಹುಳುವಿಗೆ 1850ರಲ್ಲಿ ಆಂಪುಲ್ಲಾ ಅಂತ ಹೆಸರಿಟ್ಟವರೂ ಅವರೇ!

ಮತ್ತೆ, ಬರಿಗೈಯಲ್ಲಿ ಹೆಕ್ಕಬೇಡಿ. ಮಿದುಳಿಗೆ ತೊಂದರೆ ಕೊಡುವ ಒಂದು ಪರಾವಲಂಬಿ ಹುಳು ಅದರಲ್ಲಿರಬಹುದು. ಗ್ಲೌಸ್ ಹಾಕಿ.

ಮಳೆಹುಚ್ಚ:
ಹಾಗಾದರೆ ಮುಂದಿನ ಸಲ ಕೆಂಪಗಿನದ್ದೊಂದು ಡಬ್ಬಿಯಲ್ಲಿ ಹಾಕಿಕೊಂಡು ಬರಲಾ?

ಲ್ಯಾಬ್‌ಕೋಟು:
ಬೇಡ ಮಾರಾಯರೇ! ಕಾಡಿನಿಂದ ತರುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸುಮ್ನೆ ಫೋಟೊ ತೆಗೆಯಿರಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಚಿಪ್ಪಿನ ಬಾಯಿ ಕಾಣುವ ಹಾಗೆ ಒಂದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ಗೊತ್ತಾಗುತ್ತದೆ.