ಸಿಪಿಯು ಸುಮ್ಮನಿದೆ, ಸರ್ವರ್ ಮಾತ್ರ ಉಸಿರುಗಟ್ಟುತ್ತಿದೆ: ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಅಸಿಂಕ್ ತೊಂದರೆ

ಹೇಮಾವತಿ_ತೀರ (ಪ್ರಶ್ನೆ)

ಹಳ್ಳಿಯ ಹಾಲಿನ ಡೇರಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವ ಸಣ್ಣ ತಂಡದಲ್ಲಿ ನಾನು ಸರ್ವರ್ ಭಾಗ ನೋಡಿಕೊಳ್ಳುತ್ತೇನೆ. ಬರೆದಿರುವುದು ಡಾಟ್‌ನೆಟ್ 8ರ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ (ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಚೌಕಟ್ಟು). ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್, ಅದನ್ನು ಓದಿ ಬರೆಯುವುದು ಎಂಟಿಟಿ ಫ್ರೇಮ್‌ವರ್ಕ್ ಕೋರ್ ಮೂಲಕ. ಓಡುವುದು ನಾಲ್ಕು ಕೋರ್‌ಗಳ ಲಿನಕ್ಸ್ ಯಂತ್ರದ ಮೇಲೆ. ರೈತರು ಹಾಲು ಹಾಕಿದ ಕೂಡಲೇ ಡೇರಿಯಿಂದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನಮಗೆ ಬರುತ್ತವೆ. ದರಪಟ್ಟಿ ನೋಡಿ ಮೊತ್ತ ಲೆಕ್ಕ ಹಾಕುತ್ತೇವೆ, ದಾಖಲೆ ಉಳಿಸುತ್ತೇವೆ, ರೈತರ ಮೊಬೈಲ್‌ಗೆ ಎಸ್‌ಎಂಎಸ್ ಕಳಿಸುತ್ತೇವೆ, ಆಮೇಲೆ ಡೇರಿಗೆ ಉತ್ತರ ಕೊಡುತ್ತೇವೆ.

ಮಧ್ಯಾಹ್ನ ಪರೀಕ್ಷಿಸಿದರೆ ಒಂದು ನಮೂದಿಗೆ ಒಂದೂವರೆ ಸೆಕೆಂಡ್ ಸಾಕು. ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ, ಎಲ್ಲ ಡೇರಿಗಳೂ ಒಟ್ಟಿಗೆ ಹಾಲು ತೆಗೆದುಕೊಳ್ಳುವಾಗ, ಅದೇ ಕೆಲಸಕ್ಕೆ ಇಪ್ಪತ್ತೈದು ಮೂವತ್ತು ಸೆಕೆಂಡ್ ಹಿಡಿಯುತ್ತದೆ. ಆ ಹೊತ್ತಿನಲ್ಲೂ ಸಿಪಿಯು ಶೇ 12 ದಾಟುವುದಿಲ್ಲ, ಡೇಟಾಬೇಸ್ ಮೇಲೂ ಒತ್ತಡವಿಲ್ಲ. ಎಂಟು ಗಂಟೆಗೆ ತಾನಾಗಿಯೇ ಸರಿಹೋಗುತ್ತದೆ.

ಮೊನ್ನೆ ಒಬ್ಬ ಕಾರ್ಯದರ್ಶಿಯವರು ಫೋನ್ ಮಾಡಿದಾಗ ಹಿಂದೆ ಕ್ಯಾನ್‌ಗಳ ಸದ್ದು ಕೇಳಿಸುತ್ತಿತ್ತು. "ಮೇಡಂ, ನಲವತ್ತು ಜನ ಚಳಿಯಲ್ಲಿ ನಿಂತಿದ್ದಾರೆ. ಪುಸ್ತಕದಲ್ಲೇ ಬರೆದುಕೊಳ್ಳಲೇ?" ಎಂದರು. ಆ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ.

ಕೋರಿಕೆಗಳನ್ನು ಸ್ವೀಕರಿಸುವ ಕಂಟ್ರೋಲರ್‌ಗಳಲ್ಲಿ ಎಲ್ಲ ಕಡೆ ಅಸಿಂಕ್, ಅವೇಟ್ ಬಳಸಿದ್ದೇವೆ, ಅಂದರೆ ಉತ್ತರಕ್ಕೆ ಕಾಯುವಾಗ ಥ್ರೆಡ್ಡನ್ನು (ಕೋಡ್ ಓಡಿಸುವ ಕೆಲಸಗಾರ) ಹಿಡಿದಿಡದ ಬರವಣಿಗೆ. ಎಸ್‌ಎಂಎಸ್ ಕಳಿಸುವ ಹಳೆಯ ಇಂಟರ್‌ಫೇಸ್ ಮಾತ್ರ ಸಿಂಕ್ರೊನಸ್, ಅಂದರೆ ಕೆಲಸ ಮುಗಿಯುವವರೆಗೆ ನಿಂತು ಕಾಯುವಂಥದ್ದು; ಅದರೊಳಗೆ ಎಚ್‌ಟಿಟಿಪಿ ಕರೆಯ ಕೊನೆಗೆ, ಉತ್ತರ ಬರುವವರೆಗೆ ಅಲ್ಲೇ ನಿಲ್ಲಿಸುವ ಡಾಟ್ ರಿಸಲ್ಟ್ ಇದೆ. ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಸಿಂಕ್ರೊನೈಸೇಷನ್ ಕಾಂಟೆಕ್ಸ್ಟ್ (ಅವೇಟ್ ನಂತರದ ಕೋಡ್ ಎಲ್ಲಿ ಮುಂದುವರಿಯಬೇಕೆಂದು ಕಟ್ಟಿಹಾಕುವ ವ್ಯವಸ್ಥೆ) ಇಲ್ಲ, ಆದ್ದರಿಂದ ಹಳೆಯ ಎಎಸ್‌ಪಿ ಡಾಟ್‌ನೆಟ್‌ನಂತೆ ಡೆಡ್‌ಲಾಕ್ (ಒಂದಕ್ಕೊಂದು ಕಾಯುತ್ತ ಎರಡೂ ಶಾಶ್ವತವಾಗಿ ನಿಲ್ಲುವುದು) ಆಗುವುದಿಲ್ಲ ಎಂದು ಓದಿ ಅದನ್ನು ಹಾಗೆಯೇ ಉಳಿಸಿದ್ದೆ. ತೊಂದರೆ ಅಲ್ಲೇ ಇದೆಯೇ? ಯಂತ್ರಕ್ಕೆ ಎಂಟು ಕೋರ್ ಹಾಕಿಸೋಣ ಎನ್ನುತ್ತಿದ್ದಾರೆ ತಂಡದವರು.

ಘಟ್ಟದ_ಕೆಳಗೆ

ಕೋರ್‌ಗಳಿಗೆ ಈಗಲೇ ಹಣ ಹಾಕಬೇಡಿ ಮೇಡಂ. ಸಿಪಿಯು ಸುಮ್ಮನಿದ್ದು ಉತ್ತರ ಮಾತ್ರ ನಿಧಾನವಾಗುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಥ್ರೆಡ್ ಪೂಲ್ (ಎಲ್ಲ ಕೋರಿಕೆಗಳೂ ಹಂಚಿಕೊಳ್ಳುವ ಥ್ರೆಡ್‌ಗಳ ಗುಂಪು) ಬರಿದಾಗಿದೆಯೇ ಎಂದು.

ನೀವು ಓದಿದ್ದು ನಿಜ, ಆದರೆ ಅರ್ಧ ನಿಜ. ಡೆಡ್‌ಲಾಕ್ ಆಗುವುದಿಲ್ಲ, ಆದರೆ ಡಾಟ್ ರಿಸಲ್ಟ್ ಇರುವ ಸಾಲಿನಲ್ಲಿ ಒಂದು ಥ್ರೆಡ್ ಏನೂ ಮಾಡದೆ ನಿಲ್ಲುತ್ತದೆ. ಪೂಲ್‌ನ ಕನಿಷ್ಠ ಥ್ರೆಡ್ ಸಂಖ್ಯೆ ಕೋರ್‌ಗಳ ಸಂಖ್ಯೆಯಷ್ಟು, ಅಂದರೆ ನಿಮ್ಮಲ್ಲಿ ನಾಲ್ಕು. ಅದರಾಚೆಗೆ ಪೂಲ್ ಅಳೆದು ಸುರಿದು ಒಂದೊಂದಾಗಿ ಸೇರಿಸುತ್ತದೆ. ಡಾಟ್‌ನೆಟ್ 6ರಿಂದ, ಟಾಸ್ಕ್‌ಗಾಗಿ (ಇನ್ನೂ ಮುಗಿಯಬೇಕಾದ ಕೆಲಸಕ್ಕಾಗಿ) ನಿಂತ ಥ್ರೆಡ್ಡನ್ನು ಗುರುತಿಸಿ ಮೊದಲಿಗಿಂತ ಬೇಗ ಹೊಸದನ್ನು ಕೊಡುತ್ತದೆ. ಆದರೂ ಬೆಳಗಿನ ನೂಕುನುಗ್ಗಲಿಗೆ ಅದು ಸಾಲದು.

ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಎಸ್‌ಎಂಎಸ್ ಗೇಟ್‌ವೇ (ಸಂದೇಶ ಮುಟ್ಟಿಸುವ ಹೊರಗಿನ ಸೇವೆ) ಉತ್ತರ ಕೊಟ್ಟಿತು ಎಂದುಕೊಳ್ಳಿ. ಅದನ್ನು ಓದಿ ಟಾಸ್ಕ್ ಮುಗಿಸುವ ತುಂಡು ಕೆಲಸಕ್ಕೂ ಅದೇ ಪೂಲ್‌ನಿಂದ ಒಂದು ಥ್ರೆಡ್ ಬೇಕು. ಅಷ್ಟರಲ್ಲಿ ಬಂದ ಹೊಸ ನಮೂದುಗಳ ಹಿಂದೆ ಅದೂ ಸರದಿಯಲ್ಲಿ ನಿಲ್ಲುತ್ತದೆ. ನಿಂತ ಥ್ರೆಡ್ಡನ್ನು ಬಿಡಿಸಬೇಕಾದ ಕೆಲಸವೇ ಥ್ರೆಡ್‌ಗಾಗಿ ಕಾಯುತ್ತಿರುತ್ತದೆ. ಒಂದು ಸೆಕೆಂಡಿನ ಕೆಲಸ ಮೂವತ್ತಾಗುವುದು ಹೀಗೆ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ, ನಾಳೆ ಬೆಳಿಗ್ಗೆ ಆರೂಮುಕ್ಕಾಲಿಗೆ ಅಳೆದು ನೋಡಿ. ಡಾಟ್‌ನೆಟ್-ಕೌಂಟರ್ಸ್ ಎಂಬ ಅಳೆಯುವ ಸಾಧನ ಓಡಿಸಿ ಥ್ರೆಡ್ ಪೂಲ್‌ನ ಸರದಿಯ ಉದ್ದ, ಥ್ರೆಡ್‌ಗಳ ಸಂಖ್ಯೆ ಎರಡನ್ನೂ ಗಮನಿಸಿ. ಜೊತೆಗೆ ಡಾಟ್‌ನೆಟ್-ಸ್ಟಾಕ್‌ನ ವರದಿಯನ್ನೂ ತೆಗೆಯಿರಿ. ಥ್ರೆಡ್‌ಗಳು ಯಾವ ಸಾಲಿನಲ್ಲಿ ನಿಂತಿವೆ ಎಂಬುದು ಅದರಲ್ಲಿ ಕಾಣುತ್ತದೆ.

ಹೇಮಾವತಿ_ತೀರ

ಇವತ್ತು ಆರು ಗಂಟೆಗೇ ಎದ್ದು ಕುಳಿತಿದ್ದೆ. 6.20ಕ್ಕೆ ಥ್ರೆಡ್ ಒಂಬತ್ತು, ಸರದಿ ಸೊನ್ನೆ. 6.41ಕ್ಕೆ ಥ್ರೆಡ್ 63, ಸರದಿ 412. ಸಂಖ್ಯೆ ಏರುತ್ತಲೇ ಇತ್ತು, ಸಿಪಿಯು ಮಾತ್ರ ಕದಲಲಿಲ್ಲ. ಸ್ಟಾಕ್ ವರದಿ ಉದ್ದವಾಗಿತ್ತು. ಕೆಳಗೆ ಸರಿಸುತ್ತ ಹೋದಂತೆ ಅದೇ ಮೂರು ಸಾಲು ಮತ್ತೆ ಮತ್ತೆ: ನಮ್ಮ ಎಸ್‌ಎಂಎಸ್ ಕ್ಲಾಸು, ಅದರ ಮೇಲೆ ಟಾಸ್ಕ್‌ನ ರಿಸಲ್ಟ್, ಅದರ ಮೇಲೆ ವೇಟ್. ಎಣಿಸಿದೆ, ಐವತ್ತೆಂಟು ಥ್ರೆಡ್‌ಗಳು ಒಂದೇ ಜಾಗದಲ್ಲಿ ನಿಂತಿದ್ದವು. ಮೂರು ವರ್ಷದ ಹಿಂದೆ ನಾನೇ ಬರೆದ ಸಾಲು ಅದು.

ಕೋಡಿಮಠ_ರಸ್ತೆ

ತುರ್ತಿಗೆ, ಪೂಲ್‌ನ ಕನಿಷ್ಠ ಥ್ರೆಡ್ ಸಂಖ್ಯೆ ನಿಗದಿಪಡಿಸುವ ಸೆಟ್‌ಮಿನ್‌ಥ್ರೆಡ್ಸ್‌ಗೆ 200 ಕೊಟ್ಟು ನೋಡಿ. ನಾಳೆ ಬೆಳಿಗ್ಗೆಯೇ ವ್ಯತ್ಯಾಸ ಕಾಣುತ್ತದೆ. ಸಾಲದಿದ್ದರೆ ಆ ಎಸ್‌ಎಂಎಸ್ ಕರೆಯನ್ನು, ಕೆಲಸವನ್ನು ಬೇರೆ ಥ್ರೆಡ್‌ಗೆ ವಹಿಸುವ ಟಾಸ್ಕ್ ಡಾಟ್ ರನ್ ಒಳಗೆ ಹಾಕಿ.

ಘಟ್ಟದ_ಕೆಳಗೆ

ಮೊದಲನೆಯದು ನಾಳೆಯ ಮಟ್ಟಿಗೆ ಸರಿ, ಚಳಿಯಲ್ಲಿ ನಿಂತವರಿಗೆ ಅದೂ ದೊಡ್ಡದೇ. ಎರಡನೆಯದು ಬೇಡ. ಟಾಸ್ಕ್ ಡಾಟ್ ರನ್ ಕೂಡ ಅದೇ ಪೂಲ್‌ನಿಂದಲೇ ಥ್ರೆಡ್ ತೆಗೆಯುತ್ತದೆ. ನಿಲ್ಲುವ ಥ್ರೆಡ್ ಬದಲಾಗುತ್ತದೆ, ನಿಲ್ಲುವುದು ತಪ್ಪುವುದಿಲ್ಲ.

ನಿಜವಾದ ಕೆಲಸವೆಂದರೆ ಆ ಇಂಟರ್‌ಫೇಸನ್ನೇ ಟಾಸ್ಕ್ ಹಿಂದಿರುಗಿಸುವಂತೆ ಬದಲಿಸಿ, ಮೇಲಿನವರೆಗೂ ಅವೇಟ್ ಮಾಡುತ್ತ ಬರುವುದು. ನಡುವೆ ಒಂದೇ ಒಂದು ಕಡೆ ತಡೆದರೂ ಸಾಕು, ಉಳಿದ ಕಡೆ ಬರೆದ ಅಸಿಂಕ್ ಎಲ್ಲ ವ್ಯರ್ಥ. ಇಷ್ಟಾದರೂ ಗೇಟ್‌ವೇಯ ಒಂದು ಸೆಕೆಂಡ್ ಕಡಿಮೆಯಾಗುವುದಿಲ್ಲ ಎಂಬುದು ನೆನಪಿರಲಿ. ಅಸಿಂಕ್ ಒಂದು ಕೋರಿಕೆಯನ್ನು ಬೇಗ ಮುಗಿಸುವುದಿಲ್ಲ. ಅದು ಕಾಯುವ ಹೊತ್ತಿನಲ್ಲಿ ಥ್ರೆಡ್ಡನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ, ಅಷ್ಟೇ.

ಆದ್ದರಿಂದ ನನ್ನದೊಂದು ಪ್ರಶ್ನೆ: ಎಸ್‌ಎಂಎಸ್ ಹೋಗುವವರೆಗೆ ಡೇರಿ ಏಕೆ ಕಾಯಬೇಕು? ಹಾಲಿನ ದಾಖಲೆ ಉಳಿಸುವ ಟ್ರಾನ್ಸಾಕ್ಷನ್‌ನಲ್ಲೇ 'ಕಳಿಸಬೇಕಾದ ಎಸ್‌ಎಂಎಸ್' ಎಂಬ ಟೇಬಲ್‌ಗೂ ಒಂದು ಸಾಲು ಬರೆಯಿರಿ, ಉತ್ತರ ಕೊಟ್ಟುಬಿಡಿ. ಹಿನ್ನೆಲೆಯಲ್ಲಿ ಓಡುವ ಬ್ಯಾಕ್‌ಗ್ರೌಂಡ್‌ಸರ್ವಿಸ್ ಆ ಸಾಲುಗಳನ್ನು ತೆಗೆದುಕೊಂಡು ಕಳಿಸಲಿ. ಟೇಬಲ್ ಬದಲು ಮೆಮೊರಿಯಲ್ಲಿರುವ ಚಾನೆಲ್ (ಸರದಿ ಪಟ್ಟಿ) ಬಳಸಿದರೆ ಬರೆಯುವುದು ಸುಲಭ, ಆದರೆ ಸರ್ವರ್ ಮತ್ತೆ ಶುರುವಾದಾಗ ಅದರಲ್ಲಿದ್ದದ್ದು ಮಾಯ. ಇದು ರೈತರ ದುಡ್ಡಿನ ಲೆಕ್ಕದ ಸಂದೇಶ, ಟೇಬಲ್ಲೇ ಇರಲಿ.

ಕೋಡಿಮಠ_ರಸ್ತೆ

ಒಪ್ಪಿದೆ. ಎಸ್‌ಎಂಎಸ್ ಕರೆಗೆ ಪ್ರತಿ ಸಲ ಹೊಸ ಎಚ್‌ಟಿಟಿಪಿಕ್ಲೈಂಟ್ (ಎಚ್‌ಟಿಟಿಪಿ ಕರೆ ಮಾಡುವ ವಸ್ತು) ಕಟ್ಟುತ್ತಿದ್ದೀರಾ ಎಂದೂ ನೋಡಿ. ಹಾಗಿದ್ದರೆ ಸಾಕೆಟ್‌ಗಳು (ಜಾಲ ಸಂಪರ್ಕದ ಕೊಂಡಿಗಳು) ಮುಗಿದುಹೋಗುವ ಬೇರೆಯೇ ತೊಂದರೆ ಕಾದಿದೆ. ಇದನ್ನು ತಪ್ಪಿಸಲೆಂದೇ ಎಎಸ್‌ಪಿ ಡಾಟ್‌ನೆಟ್ ಕೋರ್‌ನ 2018ರ 2.1 ಆವೃತ್ತಿಯಿಂದ ಐಎಚ್‌ಟಿಟಿಪಿಕ್ಲೈಂಟ್‌ಫ್ಯಾಕ್ಟರಿ ಇದೆ.

ಹೇಮಾವತಿ_ತೀರ

ಪ್ರತಿ ಸಲ ಹೊಸದನ್ನೇ ಕಟ್ಟುತ್ತಿದ್ದೆವು. ಅದನ್ನೂ ಬದಲಿಸಿದೆ.

ಉತ್ಸಾಹದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಸದಸ್ಯರ ವಿವರ, ದರಪಟ್ಟಿ ಎರಡನ್ನೂ, ಹಲವು ಕೆಲಸಗಳಿಗೆ ಒಟ್ಟಿಗೆ ಕಾಯುವ ಟಾಸ್ಕ್ ಡಾಟ್ ವೆನ್‌ಆಲ್‌ನಲ್ಲಿ ಓದಲು ಹೋದೆ. ಮೊದಲನೆಯ ಕೆಲಸ ಮುಗಿಯುವ ಮುನ್ನವೇ ಅದೇ ಕಾಂಟೆಕ್ಸ್ಟ್ ಮೇಲೆ ಎರಡನೆಯದು ಶುರುವಾಗಿದೆ ಎಂಬ ದೋಷ ಬಂತು. ಎಂಟಿಟಿ ಫ್ರೇಮ್‌ವರ್ಕ್‌ನಲ್ಲಿ ಡೇಟಾಬೇಸ್ ಕೆಲಸ ನಡೆಸುವ ಆ ಕಾಂಟೆಕ್ಸ್ಟ್, ಅಂದರೆ ಡಿಬಿಕಾಂಟೆಕ್ಸ್ಟ್, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ ಎಂಬುದು ಆಗ ತಿಳಿಯಿತು. ಫ್ಯಾಕ್ಟರಿಯಿಂದ ಎರಡು ಕಾಂಟೆಕ್ಸ್ಟ್ ತೆಗೆಯಬಹುದಿತ್ತು, ಆದರೆ ಎರಡೂ ಸೇರಿ ಆರು ಮಿಲಿಸೆಕೆಂಡಿನ ಓದು. ದರಪಟ್ಟಿ ಹೇಗೂ ದಿನಕ್ಕೆ ಹಲವು ಸಲ ಬದಲಾಗುವುದಿಲ್ಲ. ಅದನ್ನು ಕ್ಯಾಶೆಗೆ (ಮತ್ತೆ ಮತ್ತೆ ಓದದಂತೆ ಮೆಮೊರಿಯಲ್ಲಿ ಇಡುವ ಪ್ರತಿ) ಹಾಕಿ, ಉಳಿದದ್ದನ್ನು ಒಂದರ ನಂತರ ಒಂದು ಅವೇಟ್ ಮಾಡಿದೆ.

ಎಸ್‌ಎಂಎಸ್ ಟೇಬಲ್ ನಿನ್ನೆ ರಾತ್ರಿ ಚಾಲನೆಗೆ ಹೋಯಿತು. ಸೆಟ್‌ಮಿನ್‌ಥ್ರೆಡ್ಸ್ ಸಾಲನ್ನು ತೆಗೆದುಹಾಕಿದ್ದೇನೆ. ಇವತ್ತು ಬೆಳಿಗ್ಗೆ 6.41ಕ್ಕೆ ಥ್ರೆಡ್ ಹನ್ನೊಂದು, ಸರದಿ ಸೊನ್ನೆ, ನಮೂದಿಗೆ ಸರಾಸರಿ 70 ಮಿಲಿಸೆಕೆಂಡ್. ಯಂತ್ರ ಅದೇ ನಾಲ್ಕು ಕೋರ್‌ನದು.

ಏಳು ಗಂಟೆಗೆ ಆ ಕಾರ್ಯದರ್ಶಿಯವರಿಗೆ ನಾನೇ ಫೋನ್ ಮಾಡಿದೆ. ತೆಗೆಯಲಿಲ್ಲ. ಏಳೂವರೆಗೆ ಅವರೇ ತಿರುಗಿ ಕರೆ ಮಾಡಿ, "ಹಾಲು ಹಾಕಿಸಿಕೊಳ್ಳುತ್ತಿದ್ದೆ ಮೇಡಂ, ಆಗಲೇ ಮುಗಿಯಿತು, ಬಾಗಿಲು ಹಾಕುತ್ತಿದ್ದೇನೆ. ಏನು ವಿಷಯ?" ಎಂದರು.