‘ಡಾಕ್ಟರ್ ಹೂ’: ಹಳೆಯ ಕಥೆಗಳೋ, ಹೊಸವೋ?

ಪ್ರಶ್ನೆ: ಬ್ರಿಟನ್ನಿನ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿ ‘ಡಾಕ್ಟರ್ ಹೂ’ದಲ್ಲಿ 1963ರಿಂದ 1989ರವರೆಗಿನ ಕಥೆಗಳನ್ನೂ 2005ರ ನಂತರದವನ್ನೂ ಒಂದೇ ಅಳತೆಗೋಲಿನಿಂದ ನೋಡುವುದು ಸರಿಯೇ? ಹಳೆಯವು ನನಗೆ ತೀರಾ ನಿಧಾನವೆನಿಸುತ್ತವೆ.

ಉತ್ತರ 1: ಸುಮಾರು 25 ನಿಮಿಷಗಳ ಕಂತುಗಳಲ್ಲಿ ವಾರವಾರ ಮುಂದುವರಿಯುತ್ತಿದ್ದ ಕಥೆಯನ್ನು ಒಂದೇ ಬಾರಿಗೆ ನೋಡಿದರೆ ಎಳೆದಂತೆ ಕಾಣುವುದು ಸಹಜ. ಆದರೆ 1975ರ ‘ಜೆನೆಸಿಸ್ ಆಫ್ ದ ಡೇಲೆಕ್ಸ್’ನಲ್ಲಿ, ಎರಡು ತಂತಿಗಳನ್ನು ತಾಗಿಸಿದರೆ ಕ್ರೂರ ಅನ್ಯಗ್ರಹ ಜೀವಿಗಳಾದ ಡೇಲೆಕ್‌ಗಳ ಸಂತತಿಯೇ ಅಳಿಯಬಹುದಾದ ಗಳಿಗೆಯಲ್ಲಿ, ಹಾಗೆ ಮಾಡುವ ಹಕ್ಕು ತನಗಿದೆಯೇ ಎಂದು ಕಥಾನಾಯಕ ಡಾಕ್ಟರ್ ಹಿಂಜರಿಯುವ ದೃಶ್ಯಕ್ಕೆ ಅಷ್ಟು ತೂಕ ಬಂದಿರುವುದು ಆರು ಕಂತುಗಳ ವಿಸ್ತಾರದಿಂದಲೇ.

ಉತ್ತರ 2: ಒಪ್ಪುತ್ತೇನೆ. ಆದರೂ 2007ರ ‘ಬ್ಲಿಂಕ್’, ಡಾಕ್ಟರನ್ನು ಬಹುಪಾಲು ತೆರೆಮರೆಯಲ್ಲಿಟ್ಟು, ಕಣ್ಣು ಮಿಟುಕಿಸಿದೊಡನೆ ಚಲಿಸುವ ಪ್ರತಿಮೆಗಳಿಂದ ಮುಕ್ಕಾಲು ಗಂಟೆಯೊಳಗೆ ಬೆವರಿಳಿಸುತ್ತದೆ. ಹೊಸ ಕಥೆಗಳಲ್ಲಿ ಕಣ್ಣೀರು ತುಸು ಹೆಚ್ಚಾಯಿತೆಂಬುದು ನನ್ನ ತಕರಾರು.

ಪ್ರಶ್ನಿಸಿದವರು: ಹಾಗಾದರೆ ‘ಜೆನೆಸಿಸ್’ ಅನ್ನು ದಿನಕ್ಕೊಂದು ಕಂತಿನಂತೆ ನೋಡುತ್ತೇನೆ.